ಫೋಟೋ ತಲುಪಿದರಷ್ಟೇ ಕೂಲಿಯೇ?

ಉದ್ಯೋಗ ಖಾತರಿಯ ಸೋರಿಕೆ ತಡೆಯುವ ಹೆಸರಿನಲ್ಲಿ ಕೇಂದ್ರ ಸರ್ಕಾರ 2023ರ ಜನವರಿ 1ರಿಂದ ಮೊಬೈಲ್ ಹಾಜರಾತಿಯನ್ನು ಕಡ್ಡಾಯಗೊಳಿಸಿತು. ಕೂಲಿಕಾರರ ಫೋಟೋ ದಿನಕ್ಕೆರಡು ಬಾರಿ ಹೋಗಬೇಕು. ಸಿಗ್ನಲ್ಲೇ ಸಿಗದ ಕಣಿವೆಯಲ್ಲಿ ಇಂಗುಗುಂಡಿ ತೋಡಿದವರ ಬೆವರಿಗೆ ಸಾಕ್ಷಿ ಯಾವುದು? ಫೋಟೋ ತಲುಪದಿದ್ದರೆ ಹಾಜರಿಯಿಲ್ಲ, ಹಾಜರಿಯಿಲ್ಲದಿದ್ದರೆ ಕೂಲಿಯಿಲ್ಲ.

ಇಷ್ಟಾಗಿ ಕಳ್ಳತನವಾದರೂ ನಿಂತಿತೇ? 2025ರ ಜುಲೈನಲ್ಲಿ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಹೊರಡಿಸಿದ ಸುತ್ತೋಲೆಯನ್ನು ಓದಿದರೆ ಸಾಕು: ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರಗಳು, ಫೋಟೋದ ಫೋಟೋಗಳು ದಾಖಲಾಗುತ್ತಿವೆ; ಆದ್ದರಿಂದ ಪಂಚಾಯಿತಿಯವರು ಪ್ರತಿಯೊಂದನ್ನೂ ಕಣ್ಣಾರೆ ಪರಿಶೀಲಿಸಬೇಕು! ಮನುಷ್ಯರನ್ನು ಕಾಯಲು ಬಂದ ಯಂತ್ರವನ್ನು ಕಾಯಲು ಮತ್ತೆ ಮನುಷ್ಯರೇ.

ಅದೇ ಡಿಸೆಂಬರಿನಲ್ಲಿ ಹಳೆಯ ಕಾಯ್ದೆಯ ಜಾಗಕ್ಕೆ ಬಂದ ಹೊಸ ಕಾಯ್ದೆ ಬಯೋಮೆಟ್ರಿಕ್ ಗುರುತನ್ನೂ ಕೃತಕ ಬುದ್ಧಿಮತ್ತೆಯನ್ನೂ ಹೊತ್ತು ತಂದಿದೆ. ಹಿಂದಿನ ಯಂತ್ರದಿಂದ ಉಳಿದದ್ದೆಷ್ಟು, ತಲುಪದ ಫೋಟೋಗಳಿಂದ ಮುಳುಗಿದ ಕೂಲಿಯೆಷ್ಟು? ಊರೂರಿನ ಗ್ರಾಮಸಭೆಯಲ್ಲಿ ಸರ್ಕಾರ ಮೊದಲು ಈ ಲೆಕ್ಕ ಓದಲಿ.