ನಾಲ್ಕು ಅಕ್ಷರದ ಜಾತಕ

ನಮ್ಮ ಸಂಘದ ಯುವ ವಿಭಾಗದವರು ಒಂದು ಸಲಹೆ ಮುಂದಿಟ್ಟಿದ್ದಾರೆ. ಸದಸ್ಯರ ಮಕ್ಕಳಿಗೆ ಮೈಯರ್ಸ್-ಬ್ರಿಗ್ಸ್ ವ್ಯಕ್ತಿತ್ವ ಪರೀಕ್ಷೆ ಮಾಡಿಸಿ, ಆತ್ಮವಿಶ್ವಾಸ ಬೆಳೆಸುವ ಒಂದು ದಿನದ ಶಿಬಿರ ನಡೆಸಬೇಕಂತೆ. ಉದ್ದೇಶ ಒಳ್ಳೆಯದೇ. ಹಾದಿಯ ಬಗ್ಗೆ ನನ್ನ ತಕರಾರಿದೆ.

ಈ ಪರೀಕ್ಷೆಯ ಮೂಲ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಗ್ರಂಥ. ಅದನ್ನು ಮೆಚ್ಚಿದ ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಮೈಯರ್ಸ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ರಶ್ನಾವಳಿ ಸಿದ್ಧಪಡಿಸತೊಡಗಿದರು. ಇಬ್ಬರೂ ಮನಶ್ಶಾಸ್ತ್ರದಲ್ಲಿ ಪದವಿ ಪಡೆದವರಲ್ಲ. ಮಗಳು ಅದಕ್ಕೂ ಮೊದಲು ಪತ್ತೇದಾರಿ ಕಾದಂಬರಿ ಬರೆದಿದ್ದರು. ಅದೇನೂ ದೋಷವಲ್ಲ ಬಿಡಿ. ದೋಷವಿರುವುದು ಎಣಿಕೆಯಲ್ಲಿ. ನಮ್ಮಲ್ಲಿ ಹೆಚ್ಚಿನವರು ಅಂತರ್ಮುಖಿ, ಬಹಿರ್ಮುಖಿಗಳ ನಡುವೆ ಎಲ್ಲೋ ಇರುವವರು. ಈ ಪರೀಕ್ಷೆಯೋ ನಡುವೆ ಗೆರೆ ಎಳೆದು, ಎಲ್ಲರನ್ನೂ ಹದಿನಾರು ಪೆಟ್ಟಿಗೆಗಳಿಗೆ ತುಂಬುತ್ತದೆ. ಗೆರೆಯ ಪಕ್ಕ ನಿಂತವನು ಐದು ವಾರ ಬಿಟ್ಟು ಮತ್ತೆ ಉತ್ತರಿಸಿದರೆ ಬೇರೆ ಪೆಟ್ಟಿಗೆಗೆ ಬೀಳುವುದು ಅಪರೂಪವಲ್ಲ. ನೌಕರಿಯ ಆಯ್ಕೆಗೆ ಇದನ್ನು ಬಳಸಕೂಡದೆಂದು ಅವರ ಪ್ರತಿಷ್ಠಾನವೇ ಹೇಳುತ್ತದೆ. ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಪರೀಕ್ಷೆಗಳಂತೂ ಆ ಮೂಲ ಪ್ರಶ್ನಾವಳಿಯೂ ಅಲ್ಲ.

"ಆದರೂ ನನ್ನ ಸ್ವಭಾವವನ್ನು ಕನ್ನಡಿ ಹಿಡಿದಂತೆ ಹೇಳಿತಲ್ಲ!" ಎನ್ನುವವರಿದ್ದಾರೆ. 1948ರಲ್ಲಿ ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞರು 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, "ಇದು ನಿಮ್ಮ ನಿಮ್ಮ ಸ್ವಭಾವ" ಎಂದು ಒಂದೊಂದು ವರದಿ ಹಂಚಿದರು. ವಿದ್ಯಾರ್ಥಿಗಳು ಮೆಚ್ಚಿ ಐದಕ್ಕೆ ಸರಾಸರಿ ನಾಲ್ಕಕ್ಕೂ ಮೀರಿ ಅಂಕ ಕೊಟ್ಟರು. ಎಲ್ಲರ ಕೈಯಲ್ಲಿದ್ದದ್ದು ಒಂದೇ ವರದಿ. ಅದರ ಸಾಲುಗಳು ಜ್ಯೋತಿಷ್ಯದ ಪುಸ್ತಕದಿಂದ ಆರಿಸಿದವು! ಮದುವೆಗೆ ಜಾತಕ ಕೇಳುವವರನ್ನು ಹಾಸ್ಯ ಮಾಡುವ ನಮ್ಮ ತರುಣರು ಇದನ್ನೊಮ್ಮೆ ಯೋಚಿಸಲಿ.

ಒಂದು ಮಾತು ಒಪ್ಪುತ್ತೇನೆ. ಮಾತು ಕಡಿಮೆಯ ಹುಡುಗಿಯನ್ನು "ಜಂಬ" ಎಂದು ಹಳಿಯುವ ಮನೆಗಳಲ್ಲಿ, ಅಂತರ್ಮುಖಿ ಎಂಬ ಮಾತು ಅವಳಿಗೆ ಸ್ವಲ್ಪ ನೆಮ್ಮದಿ ಕೊಟ್ಟೀತು. ಮಾತುಕತೆಗೆ ಅದು ಆರಂಭವಾಗಲಿ, ಬೇಡವೆನ್ನುವುದಿಲ್ಲ. ತೀರ್ಪಾಗುವುದೇ ಅಪಾಯ.

ಕಳೆದ ರಾಜ್ಯೋತ್ಸವದ ನಾಟಕಕ್ಕೆ ನನ್ನ ಪರಿಚಯದ ಹುಡುಗನೊಬ್ಬನನ್ನು ಕರೆದೆ. ಮುಂಬಯಿಯಲ್ಲೇ ಹುಟ್ಟಿ ಬೆಳೆದವನು. "ಅಂಕಲ್, ನಾನು ‘ಐ’ ಟೈಪ್. ಸ್ಟೇಜ್ ನನಗಲ್ಲ" ಎಂದ. ಇದೇ ಹುಡುಗ ಗಣೇಶೋತ್ಸವದಲ್ಲಿ ಸೊಸೈಟಿಯ ಎಲ್ಲರೆದುರು ಮರಾಠಿಯಲ್ಲಿ ನಿರೂಪಣೆ ಮಾಡಿದ್ದನ್ನು ನಾನೇ ನೋಡಿದ್ದೆ. ಮತ್ತೆ ಮತ್ತೆ ಕೇಳಿದಾಗ ವಿಷಯ ಹೊರಬಿತ್ತು. ಎರಡು ವರ್ಷದ ಹಿಂದೆ ನಮ್ಮ ವೇದಿಕೆಯಲ್ಲಿ ಅವನು ‘ಅವಳು ಬಂದನು’ ಎಂದಿದ್ದ. ಸಭೆ ಘೊಳ್ಳೆಂದು ನಕ್ಕಿತ್ತು. ಮುಂದಿನ ಸಾಲಿನಲ್ಲಿ ಕುಳಿತು ನಕ್ಕವರಲ್ಲಿ ನಾನೂ ಒಬ್ಬ.

ಅವನಿಗಿದ್ದದ್ದು ಅವಮಾನದ ನೆನಪು. ಮುಚ್ಚಿಕೊಳ್ಳಲು ಈ ಅಕ್ಷರದ ಕಂಬಳಿ ಸಿಕ್ಕಿತು, ಹೊದ್ದುಕೊಂಡ. ಶಿಬಿರ ನಡೆಸಿ ಅಂಥ ಕಂಬಳಿಗಳನ್ನು ಸಂಘವೇ ಹಂಚಬೇಕೆ?

ಆ ಹಣದಲ್ಲಿ ಮೂರು ತಿಂಗಳು ಪ್ರತಿ ಭಾನುವಾರ ಮಕ್ಕಳಿಗೆ ಕನ್ನಡ ನಾಟಕದ ತಾಲೀಮು ನಡೆಸಿ ಎಂದು ಕಾರ್ಯಕಾರಿ ಸಮಿತಿಗೆ ಬರೆದುಕೊಟ್ಟಿದ್ದೇನೆ. ಹಿರಿಯ ಸದಸ್ಯರು ಬಂದು ಕೂರಬೇಕು, ತಪ್ಪನ್ನು ಮೆಲ್ಲಗೆ ತಿದ್ದಬೇಕು, ನಗಬಾರದು. ಆ ಹುಡುಗನನ್ನು ಕರೆತರುವ ಕೆಲಸ ನನ್ನದು.