ಕಂಪನಿ ಕೊಳ್ಳುವವರು ಕೋಡನ್ನೂ ನೋಡಲಿ

ನಾಗಪುರದ ಐಟಿ ವಲಯಕ್ಕೆ ಕಂಪನಿಗಳು ಕೈ ಬದಲಾಯಿಸುವುದು ಹೊಸದಲ್ಲ. ಇಲ್ಲಿನ ಲ್ಯಾಂಬೆಂಟ್ ಟೆಕ್ನಾಲಜೀಸನ್ನು ಗ್ಲೋಬಲ್‌ಲಾಜಿಕ್ ಕೊಂಡಿತು. 2021ರಲ್ಲಿ ಆ ಗ್ಲೋಬಲ್‌ಲಾಜಿಕನ್ನೇ ಜಪಾನಿನ ಹಿಟಾಚಿ, ಸಾಲವೂ ಸೇರಿ ಸುಮಾರು 960 ಕೋಟಿ ಡಾಲರಿಗೆ ಕೊಂಡಿತು. ಇಂಥ ಸುದ್ದಿಯಲ್ಲಿ ಮೊತ್ತ ದಪ್ಪಕ್ಷರದಲ್ಲಿರುತ್ತದೆ. ಕೊಂಡ ಸಾಫ್ಟ್‌ವೇರನ್ನು ನಾಳೆಯಿಂದ ನಡೆಸುವವರು ಯಾರು ಎಂಬುದು ಎಲ್ಲೂ ಇರುವುದಿಲ್ಲ.

ಧಾರವಾಡದಿಂದ ಬಂದು ಇಲ್ಲೇ ನೆಲೆನಿಂತ ನನಗೆ ಕೋಡ್ ಪರಿಶೀಲನೆಯೇ ಹೊಟ್ಟೆಪಾಡು. ಒಮ್ಮೆ ಆಸ್ಪತ್ರೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವ, ಮಾರಾಟಕ್ಕಿದ್ದ ಪುಟ್ಟ ಕಂಪನಿಗೆ ಹೋಗಿದ್ದೆ. ಆಡಿಟರ್ ಸಹಿ ಆಗಿತ್ತು, ವಕೀಲರದ್ದೂ ಆಗಿತ್ತು. ನಾನು ಕೇಳಿದ್ದು ಇಷ್ಟೇ: ಈ ಕೋಡನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿ ಓಡಿಸಿ ತೋರಿಸಿ. ಸಂಜೆಯಾದರೂ ಓಡಲಿಲ್ಲ. ಅದಕ್ಕೆ ಬೇಕಾದ ಹಳೆಯ ಲೈಬ್ರರಿ ಇದ್ದದ್ದು ಕೆಲಸ ಬಿಟ್ಟುಹೋದ ಹುಡುಗನ ಕಂಪ್ಯೂಟರಿನಲ್ಲಿ. ಡೊಮೈನ್ ಇದ್ದದ್ದೂ ಅವನ ಸ್ವಂತ ಇಮೇಲ್ ಹೆಸರಲ್ಲಿ! ತೆರಿಗೆ ಲೆಕ್ಕ ತಪ್ಪಿದಾಗ ಡೇಟಾಬೇಸಿನಲ್ಲಿ ಕೈಯಾರೆ ತಿದ್ದುವ ಒಬ್ಬ ಹೆಣ್ಣುಮಗಳಿದ್ದಳು. ಆ ವಿದ್ಯೆ ಯಾವ ಕಡತದಲ್ಲೂ ಇರಲಿಲ್ಲ. ಆಕೆಯ ಸಂಬಳ ಹೆಚ್ಚಿಸುವ ಮಾತು ಖರೀದಿ ಪತ್ರದಲ್ಲೂ ಇರಲಿಲ್ಲ ಅನ್ನಿ.

ಕೊಂಡ ಕೋಡಿನೊಳಗಿನ ತೊಂದರೆಗೆ ದೊಡ್ಡವರೂ ಹೊರತಲ್ಲ. 2003ರಲ್ಲಿ ನೆಟ್‌ವರ್ಕ್ ಉಪಕರಣಗಳ ಕಂಪನಿ ಸಿಸ್ಕೊ 50 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು, ರೂಟರ್ ತಯಾರಿಸುವ ಲಿಂಕ್ಸಿಸನ್ನು ಕೊಂಡಿತು. ಅದರ ರೂಟರಿನೊಳಗೆ ಲಿನಕ್ಸ್ ಎಂಬ ಮುಕ್ತ ಸಾಫ್ಟ್‌ವೇರ್ ಇತ್ತು. ಲಿನಕ್ಸನ್ನು ಬಳಸಿ ಮಾರುವವರು ಅದರ ಮೂಲ ಕೋಡನ್ನು ಗ್ರಾಹಕರಿಗೆ ಕೊಡಬೇಕೆಂಬುದು ಲೈಸೆನ್ಸಿನ ಷರತ್ತು. ತನ್ನ ಸಾಫ್ಟ್‌ವೇರಿಗೂ ಇರುವ ಇಂಥದ್ದೇ ಷರತ್ತನ್ನು ಪಾಲಿಸಿಲ್ಲವೆಂದು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ 2008ರಲ್ಲಿ ಸಿಸ್ಕೊ ಮೇಲೆ ದಾವೆ ಹೂಡಿತು, ಮರುವರ್ಷ ರಾಜಿಯಾಯಿತು. ಹೋಟೆಲ್ ವ್ಯವಹಾರದ್ದೂ ಇದೇ ಕಥೆ. ಸ್ಟಾರ್‌ವುಡ್‌ನ ಬುಕಿಂಗ್ ವ್ಯವಸ್ಥೆಗೆ 2014ರಲ್ಲೇ ಕಳ್ಳರು ನುಗ್ಗಿದ್ದರು. 2016ರಲ್ಲಿ ಅದನ್ನು ಕೊಂಡ ಮ್ಯಾರಿಯಟ್‌ಗೆ ಗೊತ್ತಾದದ್ದು 2018ರಲ್ಲಿ. ಬ್ರಿಟನ್ನಿನಲ್ಲಿ ದಂಡ ಕಟ್ಟಿದ್ದೂ ಮ್ಯಾರಿಯಟ್ಟೇ.

ಸಿಸ್ಕೊಗೆ ವಕೀಲರ ದಂಡೇ ಇದೆ, ತಡೆದುಕೊಂಡಿತು. ನಾಗಪುರದಲ್ಲೋ ಹುಬ್ಬಳ್ಳಿಯಲ್ಲೋ ಸಾಲ ಮಾಡಿ ಸಣ್ಣ ಕಂಪನಿ ಕೊಳ್ಳುವವರು ತಡೆದಾರೆಯೇ? ಆದ್ದರಿಂದ ಮುಂಗಡ ಕೊಡುವ ಮೊದಲು ನಿಮ್ಮದೇ ಎಂಜಿನಿಯರನ್ನು ಕಳಿಸಿ, ಹೊಸ ಯಂತ್ರದಲ್ಲಿ ಬಿಲ್ಡ್ ಮಾಡಿಸಿ. ಬ್ಯಾಕಪ್ ಇದೆ ಎಂದರೆ ನಂಬಬೇಡಿ, ಮರಳಿ ತುಂಬಿಸಿ ನೋಡಿ. ಪಾಸ್‌ವರ್ಡ್, ಡೊಮೈನ್, ಕ್ಲೌಡ್ ಖಾತೆಗಳೆಲ್ಲ ಕೈಗೆ ಬರುವವರೆಗೆ ಹಣದ ಒಂದು ಪಾಲು ತಡೆಹಿಡಿಯಿರಿ. ಇದಕ್ಕೆ ಒಪ್ಪದ ಮಾಲೀಕನ ಕಂಪನಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ.