ಜೀಪಿನ ಮುಂಭಾಗದಲ್ಲಿ ಸದ್ದೆದ್ದರೆ

ಈ ಅಂಕಣದಲ್ಲಿ ಇದುವರೆಗೆ ನೀರೆತ್ತುವ ಪಂಪು, ಹೊಲಿಗೆಯಂತ್ರ, ಗೋಬರ್ ಗ್ಯಾಸಿನ ಒಲೆ ಮೊದಲಾದ ಮನೆವಾರ್ತೆಯ ಯಂತ್ರಗಳನ್ನು ಕುರಿತು ಬರೆದುದುಂಟು. ಜೀಪಿನ ಪ್ರಸ್ತಾಪ ಬಂದಿರಲಿಲ್ಲ. ಪೇಟೆಯಲ್ಲಿರುವ ವಾಚಕರಿಗೆ ಅದು ಮನೆವಾರ್ತೆಗೆ ಸೇರಿದ ವಸ್ತುವೆನಿಸಲಾರದು. ಆದರೆ ನಮ್ಮ ಕಾಸರಗೋಡಿನ ಮೂಡುದಿಕ್ಕಿನ ಗುಡ್ಡಗಾಡಿನಲ್ಲಿ ಅಡಿಕೆಯ ಗೋಣಿಯಿಂದ ಹಿಡಿದು ಹೆರಿಗೆಯ ನೋವು ಕಾಣಿಸಿಕೊಂಡ ಹೆಂಗಸಿನವರೆಗೆ ಕೆಳಗಿಳಿಯಬೇಕಾದವರಿಗೆಲ್ಲ ಜೀಪೇ ಗತಿ. ಆದುದರಿಂದ ಈ ತಿಂಗಳು ಅದರ ಮುಂಭಾಗದ ಡಿಫರೆನ್ಶಿಯಲ್‌ನಿಂದ ಏಳುವ ಸದ್ದಿನ ವಿಚಾರವನ್ನು ಎತ್ತಿಕೊಂಡಿದ್ದೇನೆ.

2019ನೆಯ ಇಸವಿಯ ನವೆಂಬರಿನ ಒಂದು ಸಂಜೆ ನೆರೆಕರೆಯ ಜೀಪಿನ ಯಜಮಾನರೊಬ್ಬರು ಶಾಲೆಯ ಜಗಲಿಗೆ ಬಂದು ಕುಳಿತರು. ಸಹಕಾರಿ ಬ್ಯಾಂಕಿಗೆ ಸಾಲದ ಅರ್ಜಿಯನ್ನು ಬರೆಸಬೇಕಾಗಿತ್ತು. ನಮೂನೆ ಮಲಯಾಳದಲ್ಲಿರುವುದರಿಂದ ಇಂತಹ ಕೆಲಸ ಮುಖ್ಯೋಪಾಧ್ಯಾಯನ ಪಾಲಿಗೆ ಬರುವುದು ನಮ್ಮೂರಿನ ಹಳೆಯ ರೂಢಿ. ಪೇಟೆಯ ವರ್ಕ್‌ಶಾಪಿನವರು ಜೀಪಿನ ಮುಂದಿನ ಕ್ರೌನ್ ಮತ್ತು ಪಿನಿಯನ್ ಜೋಡಿಯನ್ನೇ ಬದಲಿಸಬೇಕೆಂದು ಹೇಳಿದ್ದರು. ಅದರ ಮೊತ್ತ ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳ ಆ ವರ್ಷದ ಶುಲ್ಕಕ್ಕೆ ಸರಿಸಮನಾಗಿತ್ತು. ಸಾಲ ಸಿಕ್ಕದಿದ್ದರೆ ಮಗಳು ಒಂದು ವರ್ಷ ಮನೆಯಲ್ಲಿ ನಿಲ್ಲುವುದೆಂದು ಗಂಡಹೆಂಡಿರು ತೀರ್ಮಾನಿಸಿಯೂ ಆಗಿತ್ತು.

ಸದ್ದು ಯಾವಾಗ ಬರುತ್ತದೆ ಎಂದು ಕೇಳಿದೆ.

“ಅದೆಲ್ಲ ವರ್ಕ್‌ಶಾಪಿನವರು ನೋಡಿದ್ದಾರೆ ಮಾಷ್ಟ್ರೇ. ನೀವು ಅರ್ಜಿ ಬರೆದು ಕೊಡಿ, ಸದ್ದಿನ ಮಾತು ಮತ್ತೆ ನೋಡುವ” ಎಂದರು.

ನಮೂನೆಯಲ್ಲಿ ಸಾಲದ ಕಾರಣವನ್ನು ಬರೆಯತಕ್ಕ ಸಾಲೊಂದಿತ್ತು. ಕಾರಣ ತಿಳಿಯದೆ ಬರೆಯುವುದು ಹೇಗೆಂದು ನಾನು ಲೇಖನಿಯನ್ನು ಕೆಳಗಿಟ್ಟೆ.

ಡಿಫರೆನ್ಶಿಯಲ್ ಎಂದರೇನೆಂಬುದನ್ನು ಶಾಲೆಯ ಅಂಗಳದಲ್ಲಿಯೇ ಕಾಣಬಹುದು. ಕವಾಯತಿನಲ್ಲಿ ಮಕ್ಕಳ ಅಡ್ಡಸಾಲು ತಿರುವಿನಲ್ಲಿ ಹೊರಳುವಾಗ ಒಳಬದಿಯವನು ನಿಂತಲ್ಲಿಯೇ ಹೆಜ್ಜೆ ಹಾಕಬೇಕು, ಹೊರಬದಿಯವನು ದಾಪುಗಾಲಿಡಬೇಕು. ಇಲ್ಲವಾದರೆ ಸಾಲು ಮುರಿಯುತ್ತದೆ. ಒಂದೇ ಎಂಜಿನಿನ ಬಲದಿಂದ ತಿರುಗುವ ಎಡಬಲದ ಚಕ್ರಗಳಿಗೂ ಈ ಅನುಕೂಲ ಬೇಕು. ಅದನ್ನು ಒದಗಿಸುವ ಹಲ್ಲುಚಕ್ರಗಳ ಏರ್ಪಾಡೇ ಡಿಫರೆನ್ಶಿಯಲ್. ಎಂಜಿನಿನ ಕಡೆಯಿಂದ ಬರುವ ಉದ್ದನೆಯ ಶಾಫ್ಟಿನ ತುದಿಯ ಚಿಕ್ಕ ಹಲ್ಲುಚಕ್ರವು ಪಿನಿಯನ್. ಅದು ತಿರುಗಿಸುವ ದೊಡ್ಡ ಚಕ್ರವು ಕ್ರೌನ್.

ಜೀಪಿನಲ್ಲಿ ಮುಂದೊಂದು, ಹಿಂದೊಂದು ಡಿಫರೆನ್ಶಿಯಲ್ ಇರುತ್ತದೆ. ಆದರೆ ನಮ್ಮ ಕಡೆಯ ಹಳೆಯ ಮಾದರಿಯ ಜೀಪುಗಳಲ್ಲಿ ಮುಂದಿನ ಜೋಡಿಗೂ ಹಿಂದಿನ ಜೋಡಿಗೂ ನಡುವೆ ಅಂತಹ ಏರ್ಪಾಡಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸಬೇಕಾಗುತ್ತದೆ. ಕೆಸರಿನಲ್ಲಾದರೆ ಚಕ್ರ ತುಸು ಜಾರಿ ಲೆಕ್ಕ ಸರಿಹೋಗುತ್ತದೆ. ಒಣಗಿದ ಟಾರು ರಸ್ತೆಯಲ್ಲಿಯೂ ಫೋರ್‌ವೀಲಿನಲ್ಲಿಯೇ ಹೋದರೆ ಜಾರಲು ಎಡೆಯಿಲ್ಲದೆ ಶಾಫ್ಟುಗಳು ಒಂದಕ್ಕೊಂದು ವಿರುದ್ಧವಾಗಿ ಹುರಿಗೊಳ್ಳುತ್ತವೆ. ಸ್ಟಿಯರಿಂಗು ಬಿಗಿಯುತ್ತದೆ, ಚಕ್ರ ಕುಪ್ಪಳಿಸಿದಂತಾಗುತ್ತದೆ, ಮುಂಭಾಗದಲ್ಲಿ ಕಟಕ್ಕೆಂಬ ಸದ್ದೇಳುತ್ತದೆ, ಲಿವರು ಎಳೆದರೂ ಬಾರದು. ಡಿಫರೆನ್ಶಿಯಲ್ ಕೆಟ್ಟಿತೆಂದು ಗಾಬರಿಯಾಗುವವರಲ್ಲಿ ಕೆಲವರ ತೊಂದರೆ ಇಷ್ಟೇ. ನಾಲ್ಕಾರು ಮಾರು ನೇರವಾಗಿ ಹಿಂದಕ್ಕೆ ಚಲಾಯಿಸಿದರೆ ಹುರಿ ಬಿಚ್ಚಿ ಲಿವರು ಸಡಿಲುತ್ತದೆ.

ನಮ್ಮ ನೆರೆಯವರ ಜೀಪಿನ ಸದ್ದು ಅದಾಗಿರಲಿಲ್ಲ. ಘಟ್ಟದ ದಾರಿಯಲ್ಲಿ ನೇರವಾಗಿ ಹೋಗುವಾಗಲೂ ‘ಗುಂಯ್’ ಎಂದು ಮೊರೆಯುತ್ತಿತ್ತು. ಮರುದಿನ ಶನಿವಾರ. ನಮ್ಮ ಶಾಲೆಯಲ್ಲಿಯೇ ಓದಿ, ಈಗ ಮೂರು ದಾರಿ ಕೂಡುವಲ್ಲಿ ಚಿಕ್ಕದೊಂದು ಶೆಡ್ಡಿನಲ್ಲಿ ರಿಪೇರಿ ಮಾಡುವ ಯುವಕನನ್ನು ಕರೆದುಕೊಂಡು ಮೂವರೂ ಹೊರಟೆವು. ಉಪಾಧ್ಯಾಯರ ತರಬೇತಿಯಲ್ಲಿ ನಮಗೆ ಕಲಿಸಿದ ಸೂತ್ರವೊಂದಿದೆ: ತಿಳಿದುದರಿಂದ ತಿಳಿಯದುದಕ್ಕೆ ಸಾಗಬೇಕು. ಯಂತ್ರದ ವಿಷಯದಲ್ಲಿಯೂ ಅದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ.

ಆ ಜೀಪಿನ ಮುಂದಿನ ಚಕ್ರಗಳ ನಡುವೆ ಕೈಯಿಂದ ತಿರುಗಿಸುವ ಹಬ್ ಲಾಕ್ ಇದೆ. ಅದನ್ನು ಬಿಟ್ಟರೆ ಚಕ್ರ ಮಾತ್ರ ತಿರುಗುತ್ತದೆ. ಒಳಗಿನ ಶಾಫ್ಟು, ಡಿಫರೆನ್ಶಿಯಲ್, ಅಲ್ಲಿಂದ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟು ಇವೆಲ್ಲ ಸುಮ್ಮನಿರುತ್ತವೆ. ಮೊದಲು ಎರಡೂ ಕಡೆಯ ಲಾಕು ಬಿಟ್ಟು ಟಾರು ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಓಡಿಸಿದೆವು. ಸದ್ದೇ ಇಲ್ಲ! ಅಂದಮೇಲೆ ಟಯರೂ ಚಕ್ರದ ಬೇರಿಂಗೂ ನಿರ್ದೋಷಿಗಳು. ಅವು ಆಗಲೂ ತಿರುಗುತ್ತಿದ್ದವಷ್ಟೆ. ಯಜಮಾನರ ಮುಖದಲ್ಲಿ ಮೊದಲ ಬಾರಿಗೆ ಕುತೂಹಲ ಕಂಡಿತು. ವರ್ಕ್‌ಶಾಪಿನವರು ಹಬ್ ಬಿಡದೆಯೇ ಓಡಿಸಿ ನೋಡಿದ್ದರಂತೆ.

ಎರಡನೆಯ ಸಲ ಹಬ್ ಲಾಕ್ ಮಾಡಿ, ಲಿವರನ್ನು ಎರಡು ಚಕ್ರದ ಸ್ಥಾನದಲ್ಲಿಯೇ ಇಟ್ಟು ಹೋದೆವು. ಆಗ ಎಂಜಿನು ಮುಂಭಾಗವನ್ನು ತಿರುಗಿಸುವುದಿಲ್ಲ. ರಸ್ತೆಯ ಮೇಲೆ ಉರುಳುವ ಚಕ್ರಗಳೇ ಒಳಗಿನದನ್ನೆಲ್ಲ ತಿರುಗಿಸುತ್ತವೆ. ಮೊರೆತ ಕೇಳಿಸಿತು. ಮೂರನೆಯದಾಗಿ, ಶೆಡ್ಡಿನಲ್ಲಿ ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನೇ ಬಿಚ್ಚಿ ತೆಗೆದಿಟ್ಟು ಓಡಿಸಿದೆವು. ಆಗಲೂ ಮೊರೆತ ಉಳಿಯಿತು. ಹೀಗಾಗಿ ಆ ಶಾಫ್ಟು, ಅದರ ಜಾಯಿಂಟುಗಳು, ಲಿವರಿನ ಕೆಳಗಿನ ಗಿಯರುಪೆಟ್ಟಿಗೆ ಇವಿಷ್ಟೂ ಸಂಶಯದಿಂದ ಪಾರಾದವು. ಒಂದು ಬೆಳಗಿನ ಹೊತ್ತು, ಒಂದಿಷ್ಟು ಡೀಸಿಲ್; ಖರ್ಚಾದುದು ಇಷ್ಟು.

ಶಾಫ್ಟನ್ನು ಮತ್ತೆ ಜೋಡಿಸಿ, ಮಣ್ಣಿನ ರಸ್ತೆಯಲ್ಲಿ ಫೋರ್‌ವೀಲ್ ಹಾಕಿ ಆಕ್ಸಿಲರೇಟರನ್ನು ಒತ್ತಿಯೂ ಬಿಟ್ಟೂ ಕಿವಿಗೊಟ್ಟೆವು. ಕ್ರೌನ್ ಮತ್ತು ಪಿನಿಯನ್ನಿನ ಹಲ್ಲುಗಳು ಸವೆದಿದ್ದರೆ ಸಾಮಾನ್ಯವಾಗಿ ಸದ್ದು ಒತ್ತಿದಾಗಲೋ ಬಿಟ್ಟಾಗಲೋ ಎದ್ದು ಕಾಣುವಷ್ಟು ಬದಲಾಗುತ್ತದೆ. ಒಂದು ನಿರ್ದಿಷ್ಟ ವೇಗದಲ್ಲಿ ಊಳಿಟ್ಟು ಅದನ್ನು ದಾಟಿದೊಡನೆ ತಗ್ಗುವುದೂ ಉಂಟು. ಇಲ್ಲಿ ಅಂತಹ ವ್ಯತ್ಯಾಸ ಕಾಣಲಿಲ್ಲ. ವೇಗದೊಡನೆ ಏರಿ ವೇಗದೊಡನೆ ಇಳಿಯುವ ಒಂದೇ ಬಗೆಯ ಗೊರಗೊರ. ಅದು ಬೇರಿಂಗಿನ ಲಕ್ಷಣ.

ಯಾವ ಬೇರಿಂಗು? ಇಲ್ಲಿ ಐದನೆಯ ತರಗತಿಯ ಗಣಿತ ಸಾಕು. ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಹಲವಕ್ಕೆ ಕ್ರೌನಿನಲ್ಲಿ 43 ಹಲ್ಲು, ಪಿನಿಯನ್ನಿನಲ್ಲಿ 8 ಹಲ್ಲು. ಚಕ್ರ ಒಂದು ಸುತ್ತು ಬರುವಾಗ ಪಿನಿಯನ್ ಐದೂಕಾಲಕ್ಕಿಂತ ತುಸು ಹೆಚ್ಚು ಸುತ್ತು ಬರುತ್ತದೆ. 40 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 5 ಸುತ್ತು, ಪಿನಿಯನ್ ಸುಮಾರು 27 ಸುತ್ತು. ಆದುದರಿಂದ ಚಕ್ರದ ಲಯಕ್ಕೆ ಮಿಡಿಯುವ ಸದ್ದಾದರೆ ಕ್ರೌನಿನ ಪಕ್ಕದ್ದೆಂದೂ, ಎಣಿಸಲಾರದಷ್ಟು ಶೀಘ್ರವಾಗಿ ಬೆರೆತುಹೋದ ಮೊರೆತವಾದರೆ ಪಿನಿಯನ್ನಿನದೆಂದೂ ಊಹಿಸಬಹುದು. ಊಹೆಯನ್ನು ಕೈಯಿಂದ ಪರೀಕ್ಷಿಸಿದೆವು. ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಗಟ್ಟಿಯಾದ ಆಧಾರದ ಮೇಲೆ ಕೂರಿಸಿ, ಹಬ್ ಬಿಟ್ಟು, ಯುವಕನು ಪಿನಿಯನ್ನಿನ ತುದಿಯನ್ನು ಕೈಯಿಂದ ಮೆಲ್ಲನೆ ತಿರುಗಿಸಿದ. ಬೀಸುಕಲ್ಲಿನಲ್ಲಿ ಮರಳು ಸಿಕ್ಕಿದಂತೆ ಒರಟು ಕೈಗೆ ಹತ್ತಿತು. (ಬರಿಯ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ತಲೆಯಿಡಬಾರದು. ಹಾಗೆ ಎತ್ತಿರುವಾಗ ಎಂಜಿನನ್ನು ಗಿಯರಿನಲ್ಲಿ ಓಡಿಸಲೂ ಬಾರದು.)

ಬೇರೆ ಸದ್ದುಗಳ ಮಾತನ್ನು ಇಲ್ಲಿಯೇ ಮುಗಿಸಿಬಿಡುತ್ತೇನೆ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಮಾತ್ರ ಟಕಟಕವೆಂದರೆ ಚಕ್ರದ ಬಳಿಯ ಜಾಯಿಂಟನ್ನು ನೋಡತಕ್ಕದ್ದು. ಗಾಡಿ ಹೊರಡುವಾಗ ಒಮ್ಮೆ ‘ಢಣ್’ ಎಂದರೆ ಪ್ರೊಪೆಲ್ಲರ್ ಶಾಫ್ಟಿನ ಜಾಯಿಂಟಿನ ಸಡಿಲವೇ ಕಾರಣವಾಗಿರುವುದು ಹೆಚ್ಚು. ನೇರ ದಾರಿಯಲ್ಲಿ ಮೌನವಾಗಿದ್ದು ತಿರುವಿನಲ್ಲಿ ಮಾತ್ರ ಗುರುಗುಟ್ಟಿದರೆ ಡಿಫರೆನ್ಶಿಯಲ್‌ನ ಒಳಗಿನ ಚಿಕ್ಕ ಹಲ್ಲುಚಕ್ರಗಳ ಮೇಲೆ ಸಂಶಯಪಡಬಹುದು.

ಎಣ್ಣೆಯನ್ನು ಬಸಿಯುವಾಗ ಮೊದಲು ಬಿಚ್ಚಬೇಕಾದುದು ಎಣ್ಣೆ ತುಂಬುವ ಮೇಲಿನ ಬಿರಡೆಯನ್ನು, ಕೆಳಗಿನದನ್ನಲ್ಲ. ಕೆಳಗಿನಿಂದ ಎಲ್ಲ ಬಸಿದ ಮೇಲೆ ಮೇಲಿನದು ತುಕ್ಕು ಹಿಡಿದು ಬಾರದೆ ಹೋದರೆ ಗಾಡಿ ಅಲ್ಲಿಯೇ ಉಳಿಯಿತು. ಯುವಕನು ಈ ಕ್ರಮವನ್ನು ನಾನು ಹೇಳದೆಯೇ ಪಾಲಿಸಿದ್ದು ಕಂಡು ಸಂತೋಷವಾಯಿತು. ಕೆಳಗಿನ ಬಿರಡೆ ಸಡಿಲಿದೊಡನೆ ಮೊದಲು ಬಂದುದು ನೀರು. ಅದರ ಹಿಂದೆ ಹಾಲು ಹೆಚ್ಚಾದ ಚಹದ ಬಣ್ಣದ ಎಣ್ಣೆ. ಅಯಸ್ಕಾಂತಕ್ಕೆ ಕಬ್ಬಿಣದ ನುಣ್ಣನೆಯ ಹುಡಿ ಅಂಟಿತೇ ಹೊರತು ಮುರಿದ ಹಲ್ಲಿನ ಚೂರು ಒಂದೂ ಇರಲಿಲ್ಲ.

ನೀರು ಹೊಕ್ಕಿದ್ದು ಎಲ್ಲಿಂದ? ಡಿಫರೆನ್ಶಿಯಲ್ ಇರುವ ಕೊಳವೆಯ ಮೇಲ್ಭಾಗದಲ್ಲಿ ಉಸಿರಾಟಕ್ಕೆಂದು ಕಿರಿದಾದ ರಂಧ್ರವೊಂದಿರುತ್ತದೆ. ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಅಲ್ಲಿಂದ ಹೊರಬರುತ್ತದೆ. ಬಿಸಿಯಾದ ಆ ಕಬ್ಬಿಣ ತಣ್ಣನೆಯ ತೋಡಿನ ನೀರಿಗೆ ಇಳಿದೊಡನೆ ಗಾಳಿ ಕುಗ್ಗಿ ಹೊರಗಿನದನ್ನು ಒಳಕ್ಕೆ ಎಳೆಯುತ್ತದೆ. ರಂಧ್ರ ಮಣ್ಣಿನಿಂದ ಮುಚ್ಚಿದ್ದರೆ ಶಾಫ್ಟಿನ ಸೀಲುಗಳ ಅಂಚಿನಿಂದ ನೀರು ಹೊಗುತ್ತದೆ. ರಂಧ್ರವೇ ನೀರಿನಲ್ಲಿ ಮುಳುಗಿದ್ದರೆ ಅಲ್ಲಿಂದಲೇ ಹೊಗುತ್ತದೆ. ಈ ಜೀಪಿನದು ಕೆಸರು ಒಣಗಿ ಕಲ್ಲಿನಂತಾಗಿತ್ತು.

ಅದನ್ನು ಕಂಡಾಗ ನನಗೆ ಮಾತು ಹೊರಡಲಿಲ್ಲ. ಆ ವರ್ಷದ ಆಟಿಯ ಮಳೆಗೆ ಶಾಲೆಯ ದಾರಿಯ ಕಾಲುಸಂಕ ಕೊಚ್ಚಿಹೋದಾಗ, ಆಚೆ ದಡದ ಮಕ್ಕಳನ್ನು ದಿನಕ್ಕೆರಡು ಬಾರಿ ತೋಡು ದಾಟಿಸಿಕೊಡಬೇಕೆಂದು ಇದೇ ಯಜಮಾನರನ್ನು ಬೇಡಿಕೊಂಡವನು ನಾನು. ಒಂದು ಪೈಸೆಯನ್ನೂ ಪಡೆಯದೆ ಐದು ವಾರ ದಾಟಿಸಿದ್ದರು. ಮಳೆ ಬಿಟ್ಟ ಮೇಲೆ ಹಬ್ ಬಿಟ್ಟು ಟಾರಿನ ಮೇಲೆಯೇ ಓಡಿಸುತ್ತಿದ್ದುದರಿಂದ, ಒಳಗಿನ ನೀರು ಅಲುಗಾಡದೆ ನಿಂತು ಬೇರಿಂಗನ್ನು ತಿಂದಿತ್ತು. ನವೆಂಬರಿನಲ್ಲಿ ಅಡಿಕೆ ಹೇರಲು ಗುಡ್ಡದ ದಾರಿಗೆಂದು ಹಬ್ ಹಾಕಿದ ದಿನ ಅದು ಮೊರೆಯಿತು. ಈ ಮಾತನ್ನು ನಾನು ಹೇಳಿದಾಗ ಅವರು, “ಮಕ್ಕಳನ್ನು ಬಿಟ್ಟು ಬರ್ಲಿಕ್ಕೆ ಆಗ್ತಿತ್ತಾ ಮಾಷ್ಟ್ರೇ?” ಎಂದಷ್ಟೇ ಅಂದರು.

ಒಳಗೆ ಬಿಚ್ಚಿ ನೋಡಿದರೆ ಪಿನಿಯನ್ನಿನ ಎರಡು ಬೇರಿಂಗುಗಳಲ್ಲಿ ತುಕ್ಕಿನ ಗುಳಿ. ಕ್ರೌನಿನ ಹಲ್ಲುಗಳು ನುಣುಪಾಗಿದ್ದವು. ಬೇರಿಂಗು, ಸೀಲು, ಎಣ್ಣೆ ಇಷ್ಟಕ್ಕೆ ತಗಲಿದ ವೆಚ್ಚ ವರ್ಕ್‌ಶಾಪಿನವರು ಹೇಳಿದ ಮೊತ್ತದ ಆರರಲ್ಲೊಂದು ಪಾಲನ್ನೂ ಮುಟ್ಟಲಿಲ್ಲ. ಅವರು ಮೋಸ ಮಾಡಿದರೆಂದು ನಾನು ಹೇಳಲಾರೆ. ಸಾಲುಗಟ್ಟಿ ನಿಂತ ಗಾಡಿಗಳ ನಡುವೆ ಸದ್ದಿನ ಹಿಂದೆ ಹೋಗಲು ಪುರಸೊತ್ತಿಲ್ಲದವರು ಇಡೀ ಜೋಡಿಯನ್ನು ಬದಲಿಸಿ ನಿಶ್ಚಿಂತರಾಗುತ್ತಾರೆ. ಆ ನಿಶ್ಚಿಂತೆಯ ಬೆಲೆಯನ್ನು ಕೊಡುವವರು ಮಾತ್ರ ನಾವು.

ಆದರೆ ಬೇರಿಂಗು ಹಾಕುವುದು ಹವ್ಯಾಸಿಗಳ ಕೆಲಸವಲ್ಲವೆಂದು ಒತ್ತಿ ಹೇಳಬೇಕು. ಪಿನಿಯನ್ ಎಷ್ಟು ಒಳಕ್ಕೆ ಕೂರಬೇಕೆಂಬುದನ್ನು ಕಾಗದದಷ್ಟು ತೆಳುವಾದ ಉಕ್ಕಿನ ಶಿಮ್ಮುಗಳು ನಿರ್ಧರಿಸುತ್ತವೆ. ತೆಗೆದವುಗಳನ್ನು ಅಳೆದು, ತೆಗೆದ ಸ್ಥಾನವನ್ನು ಬರೆದಿಟ್ಟುಕೊಳ್ಳಬೇಕು. ಬೇರಿಂಗಿನ ಮೇಲಿನ ಮುಚ್ಚಳಗಳು ಎಡದ್ದು ಬಲಕ್ಕೆ ಹೋಗಬಾರದು. ಹಲ್ಲುಗಳ ನಡುವಿನ ಆಟ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲಿನಷ್ಟೇ; ನಿಖರವಾದ ಅಂಕಿಯನ್ನು ಆಯಾ ಗಾಡಿಯ ಕೈಪಿಡಿಯಲ್ಲಿ ನೋಡಬೇಕು. ಕೊನೆಗೆ ಹಲ್ಲುಗಳಿಗೆ ಬಣ್ಣ ಬಳಿದು ತಿರುಗಿಸಿ, ಗುರುತು ಹಲ್ಲಿನ ನಡುವೆ ಬೀಳುವುದೋ ಅಂಚಿಗೆ ಸರಿಯುವುದೋ ಎಂದು ಪರೀಕ್ಷಿಸಬೇಕು. ನಮ್ಮ ಯುವಕ ಇದಕ್ಕೆ ಎರಡು ದಿನ ತೆಗೆದುಕೊಂಡ. ಕ್ರೌನು, ಪಿನಿಯನ್ನುಗಳನ್ನು ಬದಲಿಸಲೇಬೇಕಾಗಿ ಬಂದರೆ ಜೋಡಿಯಾಗಿಯೇ ಬದಲಿಸತಕ್ಕದ್ದು. ಗುಜರಿಯಿಂದ ತರುವವರು ಹಲ್ಲುಗಳನ್ನು ಎಣಿಸಿ ತರಬೇಕು. ಯುದ್ಧಕಾಲದ ವಿಲ್ಲಿಸ್ ಜೀಪುಗಳಲ್ಲಿ 39ಕ್ಕೆ 8, ಅನಂತರದ ಹಲವು ಮಾದರಿಗಳಲ್ಲಿ 43ಕ್ಕೆ 8. ಹಿಂದೊಂದು ಮುಂದೊಂದು ಲೆಕ್ಕವಾದರೆ ಫೋರ್‌ವೀಲ್ ಹಾಕಿದ ಕ್ಷಣದಿಂದ ನೇರ ದಾರಿಯಲ್ಲಿಯೂ ಗಾಡಿ ತನ್ನೊಡನೆ ತಾನೇ ಜಗಳಾಡುತ್ತದೆ.

ಎಣ್ಣೆ 90ರ ಗಿಯರ್ ಆಯಿಲಾಗಿದ್ದು, ಡಬ್ಬದ ಮೇಲೆ ಜಿಎಲ್-5 ಎಂಬ ಗುರುತಿರಬೇಕು. ಹಬ್ ಬಿಟ್ಟೇ ಓಡಿಸುವವರು ತಿಂಗಳಿಗೊಮ್ಮೆ ಎರಡು ಚಕ್ರದ ಸ್ಥಾನದಲ್ಲಿಯೇ ಹಬ್ ಹಾಕಿ ಕೆಲವು ಕಿಲೋಮೀಟರ್ ಹೋದರೆ ಎಣ್ಣೆ ಪಿನಿಯನ್ನಿನ ಬೇರಿಂಗಿಗೂ ಸಿಡಿದು ತಲಪುತ್ತದೆ. ತೋಡಿಗಿಳಿಯುವ ಗಾಡಿಯಾದರೆ ಮಳೆಗಾಲ ಮುಗಿದೊಡನೆ ಮೇಲಿನ ಬಿರಡೆ ತೆಗೆದು ಬೆರಳದ್ದಿ ಎಣ್ಣೆಯ ಬಣ್ಣ ನೋಡಬೇಕು. ಉಸಿರಾಟದ ರಂಧ್ರಕ್ಕೆ ಯುವಕನು ಒಂದು ರಬ್ಬರು ಕೊಳವೆ ಜೋಡಿಸಿ, ಅದರ ತುದಿಯನ್ನು ಎಂಜಿನಿನ ಹಿಂದಿನ ತಗಡಿನವರೆಗೆ ಏರಿಸಿ ಕಟ್ಟಿದ್ದಾನೆ.

ಕಾಲುಸಂಕ ಮರುವರ್ಷ ಆಯಿತು. ಮಗಳ ಶುಲ್ಕವನ್ನು ಡಿಸೆಂಬರಿನಲ್ಲಿಯೇ ಕಟ್ಟಿದರು. ಅರ್ಧ ತುಂಬಿದ ಅರ್ಜಿಯ ನಮೂನೆ ನನ್ನ ಮೇಜಿನ ಖಾನೆಯಲ್ಲಿ ಉಳಿದಿದೆ.

ಪಂಪಿನ ಫುಟ್‌ವಾಲ್ವು ನೀರು ಹಿಡಿದುಕೊಳ್ಳದಿರುವ ಬಗ್ಗೆ ಬಂದಿರುವ ಕಾಗದಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರಿಸುತ್ತೇನೆ.